ಹಳೇ ಕಂಪ್ಯೂಟರು ನೆಟ್‌ವರ್ಕಿನಿಂದ ಬೂಟ್ ಆಗದಿದ್ದರೆ ಮೊದಲು ನೋಡಬೇಕಾದ್ದು: ಎಲ್ಲಿ ನಿಂತಿತು?

ಹಾವೇರಿ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ 14 ಕಂಪ್ಯೂಟರು ಇವೆ. ಒಂದರ ವಯಸ್ಸು ಇನ್ನೊಂದಕ್ಕಿಲ್ಲ. ಕೆಲವು ಶಾಲೆಯವೇ, ಉಳಿದವು ಹುಬ್ಬಳ್ಳಿಯ ಒಂದು ಆಫೀಸಿನವರು ಹೊಸದು ತಗೊಂಡಾಗ ಕೊಟ್ಟವು. ಎಲ್ಲದರಲ್ಲೂ ವಿಂಡೋಸ್ 7 ಇತ್ತು. ಅದಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ. ಮಕ್ಕಳು ಕಲಿಯೋಕೆ ಈ ಮಷೀನು ಸಾಕು, ಓಎಸ್ ಬದಲಾಯಿಸಿದರೆ ಇನ್ನೂ ಕೆಲವು ವರ್ಷ ಬರುತ್ತವೆ ಅಂತ ಡೆಬಿಯನ್ 12 ಅನ್ನೋ ಉಚಿತ ಲಿನಕ್ಸ್ ಓಎಸ್ ಹಾಕಲು ಹೋದೆ. 32 ಬಿಟ್ ಮಷೀನಿಗೆ ಇನ್‌ಸ್ಟಾಲರ್ ಇರುವ ಕೊನೆಯ ಡೆಬಿಯನ್ ಅದೇ. 2025ರ ಆಗಸ್ಟಿನಲ್ಲಿ ಬಂದ 13ರಲ್ಲಿ ಅದನ್ನು ಕೈಬಿಟ್ಟಿದ್ದಾರೆ.

ಸಿಡಿ ಡ್ರೈವುಗಳು ದೂಳು ತಿಂದು ಕೂತಿದ್ದವು. ಪೆನ್‌ಡ್ರೈವಿನಿಂದ ಬೂಟ್ ಆಗೋದು ಕೆಲವು ಮಷೀನಿಗೆ ಬರೋದೇ ಇಲ್ಲ. ಹಾಗಾಗಿ ನೆಟ್‌ವರ್ಕ್ ದಾರಿ, ಅಂದರೆ ಪಿಎಕ್ಸ್‌ಇ. ನನ್ನ ಲ್ಯಾಪ್‌ಟಾಪಿನಲ್ಲಿ ಡಿಎನ್‌ಎಸ್‌ಮಾಸ್ಕ್ (ಬೂಟ್ ಆಗಲು ಬೇಕಾದ ಅಡ್ರೆಸ್, ಫೈಲು ಕೊಡುವ ಸಾಫ್ಟ್‌ವೇರ್) ಹಾಕಿ, ಡೆಬಿಯನ್ನಿನ ನೆಟ್‌ಬೂಟ್ ಫೈಲು (ನೆಟ್‌ವರ್ಕಿನಿಂದ ಇನ್‌ಸ್ಟಾಲರ್ ಏಳಿಸುವ ಫೈಲುಗಳ ಕಟ್ಟು) ಬಿಚ್ಚಿಟ್ಟು, ಲ್ಯಾಬಿನ ಸ್ವಿಚ್ಚಿಗೆ ಕೇಬಲ್ ಚುಚ್ಚಿದೆ. ಒಂದು ದಿನದ ಕೆಲಸ ಅಂದುಕೊಂಡಿದ್ದು ನಾಲ್ಕು ಶನಿವಾರ ಹಿಡಿಯಿತು. ಆ ನಾಲ್ಕು ಶನಿವಾರದಲ್ಲಿ ಏನೇನು ಕೈಕೊಟ್ಟಿತು, ಹೇಗೆ ಹಿಡಿದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನ ಶಾಲೆಯಲ್ಲಿ ಯಾರಾದರೂ ಇದನ್ನೇ ಮಾಡಲು ಕೂತರೆ ಅವರ ಎರಡು ಶನಿವಾರವಾದರೂ ಉಳಿಯಲಿ.

ಮೊದಲು ದಾರಿ ಗೊತ್ತಿರಲಿ. ಮಷೀನ್ ಆನ್ ಆದ ಮೇಲೆ ನೆಟ್‌ವರ್ಕ್ ಕಾರ್ಡಿನೊಳಗಿನ ಸಣ್ಣ ಪ್ರೋಗ್ರಾಮು ಏಳುತ್ತದೆ. ಅದು "ನನಗೊಂದು ಅಡ್ರೆಸ್ ಕೊಡಿ, ಯಾವ ಫೈಲಿನಿಂದ ಬೂಟ್ ಆಗಲಿ ಹೇಳಿ" ಅಂತ ಇಡೀ ನೆಟ್‌ವರ್ಕಿಗೆ ಕೂಗುತ್ತದೆ. ಇದು ಡಿಎಚ್‌ಸಿಪಿ. ಉತ್ತರ ಸಿಕ್ಕರೆ ಟಿಎಫ್‌ಟಿಪಿ ಅನ್ನೋ ಫೈಲು ಸಾಗಿಸುವ ಸರಳ ಪದ್ಧತಿಯಲ್ಲಿ ಆ ಫೈಲು ತರುತ್ತದೆ. ಫೈಲು ಬಂದರೆ ಮೆನು ಕಾಣುತ್ತದೆ. ಮೆನುವಿನಿಂದ ಕರ್ನಲ್ (ಓಎಸ್ಸಿನ ತಿರುಳು) ಮತ್ತು ಇನಿಟ್‌ಆರ್‌ಡಿ (ಇನ್‌ಸ್ಟಾಲರಿನ ಫೈಲುಗಳ ಕಟ್ಟು) ಬರುತ್ತವೆ, ಇನ್‌ಸ್ಟಾಲರ್ ಶುರುವಾಗುತ್ತದೆ, ಅದು ಇಂಟರ್‌ನೆಟ್ಟಿನಿಂದ ಪ್ಯಾಕೇಜು ಇಳಿಸಿಕೊಳ್ಳುತ್ತದೆ. ಇಷ್ಟೇ. ಇದರಲ್ಲಿ ಯಾವ ಮೆಟ್ಟಿಲ ಮೇಲೆ ನಿಂತಿದೆ ಅಂತ ಗೊತ್ತಾಗುವ ತನಕ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ. ಮುಟ್ಟಿದರೆ ಹಳೇ ದೋಷದ ಜೊತೆ ಹೊಸದೊಂದು ಸೇರುತ್ತದೆ, ಆಮೇಲೆ ಎರಡನ್ನೂ ಬಿಡಿಸೋದು ಕಷ್ಟ.

ಎರರ್ ಸಾಲು ಎರಡು ಸೆಕೆಂಡು ಮಿಂಚಿ ಹೋಗಿಬಿಡುತ್ತದೆ. ಮೊಬೈಲಿನಲ್ಲಿ ಸ್ಕ್ರೀನಿನ ವಿಡಿಯೋ ಮಾಡಿ, ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿ. ಈ ಸಣ್ಣ ಕೆಲಸ ನಾನು ಮೊದಲ ಶನಿವಾರ ಮಾಡಿದ್ದರೆ ಎರಡನೇ ಶನಿವಾರದ ಕಥೆಯೇ ಇರುತ್ತಿರಲಿಲ್ಲ.

ನೆಟ್‌ವರ್ಕ್ ಕಡೆ ತಿರುಗಿಯೂ ನೋಡದ ಮಷೀನು

ಆನ್ ಮಾಡಿದರೆ ನೇರವಾಗಿ ಹಳೇ ವಿಂಡೋಸಿಗೆ ಹೋಗುತ್ತದೆ, ಪಿಎಕ್ಸ್‌ಇ ಅನ್ನೋ ಅಕ್ಷರವೇ ಕಾಣುವುದಿಲ್ಲ. ಬಯೋಸಿಗೆ, ಅಂದರೆ ಮಷೀನ್ ಏಳುವಾಗ ಕೀ ಒತ್ತಿ ತೆರೆಯುವ ಸೆಟ್ಟಿಂಗ್ ಪರದೆಗೆ ಹೋಗಿ. ಬೂಟ್ ಆರ್ಡರಿನಲ್ಲಿ ನೆಟ್‌ವರ್ಕ್ ಅನ್ನೋದೇ ಇಲ್ಲವಲ್ಲ ಅಂತ ಗಾಬರಿಯಾಗಬೇಡಿ. ಹಳೇ ಬೋರ್ಡುಗಳಲ್ಲಿ ಮೊದಲು ಆನ್‌ಬೋರ್ಡ್ ಲ್ಯಾನ್ ಬೂಟ್ ರಾಮ್ ಅನ್ನೋದನ್ನು ಎನೇಬಲ್ ಮಾಡಿ, ಸೇವ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಬಯೋಸಿಗೆ ಬಂದಾಗಲೇ ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣುತ್ತದೆ.

ನಮ್ಮಲ್ಲಿ ಐದು ಮಷೀನು ಬೇರೆ ಥರ ಕಾಡಿದವು. ಬೆಳಿಗ್ಗೆ ಸೆಟ್ಟಿಂಗ್ ಮಾಡಿಟ್ಟೆ. ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಸೆಟ್ಟಿಂಗ್ ಮಾಯ. ಲ್ಯಾಬ್ ನೋಡಿಕೊಳ್ಳುವ ಅಕ್ಕೋರು "ಮುಂಜಾನೆ ಬರ್ತಿತ್ತರಿ ಸರ, ಈಗ ಬರವಲ್ದು ನೋಡ್ರಿ" ಅಂದರು. ಆ ಒಂದು ಮಾತಿನಲ್ಲೇ ಉತ್ತರ ಇತ್ತು. ಕರೆಂಟ್ ಹೋದ ಮೇಲೆ ಮರೆತಿದೆ ಅಂದರೆ ಬೋರ್ಡಿನ ಮೇಲಿನ ಸೆಲ್ ಸತ್ತಿದೆ. ಅದು ಸಿಆರ್2032, ರೂಪಾಯಿ ನಾಣ್ಯದ ಥರ ಕಾಣುವ 3 ವೋಲ್ಟಿನ ಸೆಲ್. ಮಲ್ಟಿಮೀಟರ್ ಹಿಡಿದರೆ ಎರಡರಲ್ಲಿ 2 ವೋಲ್ಟೂ ಇರಲಿಲ್ಲ. ವರ್ಷಗಟ್ಟಲೆ ಪ್ಲಗ್ ತೆಗೆದಿಟ್ಟ ಮಷೀನುಗಳಲ್ಲಿ ಇದು ಆಗಿಯೇ ಆಗುತ್ತದೆ. ಗೋಡೆಯ ಕರೆಂಟ್ ಇರುವಾಗ ಸೆಲ್ಲಿಗೆ ಹೆಚ್ಚು ಕೆಲಸ ಇಲ್ಲ, ಇಲ್ಲದಾಗ ಗಡಿಯಾರವನ್ನೂ ಸೆಟ್ಟಿಂಗನ್ನೂ ಅದೊಂದೇ ಹೊರಬೇಕು.

ಮುಂದಿನ ವಾರ ಹುಬ್ಬಳ್ಳಿಗೆ ಹೋದಾಗ ಕೊಪ್ಪೀಕರ ರಸ್ತೆಯಿಂದ 14 ಸೆಲ್ ತಂದು ಎಲ್ಲಕ್ಕೂ ಹಾಕಿದೆ. ಚೆನ್ನಾಗಿರುವುದಕ್ಕೂ ಯಾಕೆ ಅಂತ ಕೇಳಬಹುದು. ಒಂದೊಂದಾಗಿ ಸಾಯುವುದನ್ನು ಕಾಯುತ್ತ ಕೂರುವುದಕ್ಕಿಂತ ಇದು ಅಗ್ಗ. ಸೆಲ್ ಹಾಕಿದ ಮೇಲೆ ತಾರೀಕು ಸರಿ ಮಾಡೋದನ್ನು ಮಾತ್ರ ಬಿಡಬೇಡಿ. ಅದು ಮುಂದೆ ಬೇರೆ ಕಡೆ ಬಂದು ಕಾಡುತ್ತದೆ, ಹೇಳುತ್ತೇನೆ.

ಇನ್ನು ಕೆಲವು ಹಳೇ ಪಿಸಿಐ ಕಾರ್ಡುಗಳಲ್ಲಿ ಬೂಟ್ ರಾಮ್ ಕೂರಿಸುವ ಜಾಗ ಖಾಲಿ ಇರುತ್ತದೆ. ಅಂಥದ್ದು ತಾನಾಗಿ ನೆಟ್‌ವರ್ಕಿನಿಂದ ಏಳೋದಿಲ್ಲ. ಅದಕ್ಕೆ ಐಪಿಎಕ್ಸ್‌ಇ ಅನ್ನೋ ಸಣ್ಣ ಸಾಫ್ಟ್‌ವೇರನ್ನು ಸಿಡಿಗೋ ಪೆನ್‌ಡ್ರೈವಿಗೋ ಬರೆದು ಅದರಿಂದ ಬೂಟ್ ಮಾಡಿದರೆ ಆಯಿತು, ಮುಂದಿನದೆಲ್ಲ ಅದೇ ದಾರಿ.

ಕೇಬಲ್

ಸ್ಕ್ರೀನಿನ ಮೇಲೆ ಪಿಎಕ್ಸ್‌ಇ-ಇ61, ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್ ಅಂತ ಬಂದರೆ ಅದನ್ನು ನಂಬಿ. ಕಾರ್ಡಿನ ಹಿಂದಿನ ದೀಪ ಹತ್ತಿದೆಯಾ ನೋಡಿ. ಪಕ್ಕದ ಮಷೀನಿನ ಕೇಬಲ್ ಕಿತ್ತು ಇದಕ್ಕೆ ಹಾಕಿ. ಬಂತು ಅಂದರೆ ಕೇಬಲ್ ಹೋಗಿದೆ, ಬರಲಿಲ್ಲ ಅಂದರೆ ಸ್ವಿಚ್ಚಿನ ಇನ್ನೊಂದು ಪೋರ್ಟಿಗೆ ಹಾಕಿ ನೋಡಿ, ಆಮೇಲೆ ಕಾರ್ಡು. ನಮ್ಮಲ್ಲಿ ಮೂರು ಕೇಬಲನ್ನು ಇಲಿ ಕಡಿದಿತ್ತು. ಒಂದರ ಕ್ಲಿಪ್ ಮುರಿದು, ಮೇಜು ಅಲ್ಲಾಡಿದರೆ ಸಾಕು ಸಡಿಲ ಆಗುತ್ತಿತ್ತು. 100 ಎಂಬಿಪಿಎಸ್ ವೇಗಕ್ಕೆ ಎಂಟು ತಂತಿಯಲ್ಲಿ ನಾಲ್ಕೇ ಬೇಕು, 1, 2, 3 ಮತ್ತು 6. ಹಾಗಾಗಿ ಹಳೇ ಕಾರ್ಡಿಗೆ ಕೆಲಸ ಮಾಡುವ ಕೇಬಲ್ ಗಿಗಾಬಿಟ್ ಕಾರ್ಡಿಗೆ ಕೈಕೊಡಬಹುದು. ಅಲ್ಲಿ ಚೆನ್ನಾಗಿತ್ತು ಅಂದ ಮಾತ್ರಕ್ಕೆ ಕೇಬಲ್ ಪೂರ್ತಿ ಸರಿಯಿದೆ ಅಂತಲ್ಲ.

ಯಾರೂ ಉತ್ತರ ಕೊಡದಿದ್ದರೆ

ಪಿಎಕ್ಸ್‌ಇ-ಇ51 ಅಂದರೆ ಕೂಗಿದ್ದಕ್ಕೆ ಯಾರೂ ಓಗೊಡಲಿಲ್ಲ. ಇಲ್ಲಿ ಊಹೆ ಬೇಡ. ಲ್ಯಾಪ್‌ಟಾಪಿನಲ್ಲಿ ಟಿಸಿಪಿಡಂಪ್ (ನೆಟ್‌ವರ್ಕಿನಲ್ಲಿ ಬಂದುಹೋಗುವುದನ್ನು ತೋರಿಸುವ ಸಾಫ್ಟ್‌ವೇರ್) ಓಡಿಸಿ 67, 68, 69 ಪೋರ್ಟುಗಳನ್ನು ಕಣ್ಣಾರೆ ನೋಡಿ. ಮಷೀನ್ ಕೂಗಿದ್ದು ಲ್ಯಾಪ್‌ಟಾಪಿಗೆ ಕೇಳಿಸಲೇ ಇಲ್ಲ ಅಂದರೆ ದೋಷ ಮಧ್ಯದಲ್ಲಿದೆ, ಕೇಬಲ್ಲೋ ಸ್ವಿಚ್ಚೋ. ಕೇಳಿಸಿತು, ಆದರೆ ಉತ್ತರ ಹೊರಡಲಿಲ್ಲ ಅಂದರೆ ಲ್ಯಾಪ್‌ಟಾಪಿನೊಳಗಿದೆ. ಒಂದು ವಿಷಯ ನೆನಪಿಡಿ: ಟಿಸಿಪಿಡಂಪ್ ಫೈರ್‌ವಾಲಿಗಿಂತ, ಅಂದರೆ ಬರುವುದನ್ನು ತಡೆಯುವ ಕಾವಲಿಗಿಂತ, ಮೊದಲೇ ನೋಡುತ್ತದೆ. ಅದರಲ್ಲಿ ಕಂಡಿತು ಅಂದ ಮಾತ್ರಕ್ಕೆ ಡಿಎನ್‌ಎಸ್‌ಮಾಸ್ಕಿಗೆ ತಲುಪಿತು ಅಂತ ಅಲ್ಲ. ಫೈರ್‌ವಾಲಿನಲ್ಲಿ ಯುಡಿಪಿ 67, 69 ಮತ್ತು 4011 ಬಿಟ್ಟಿದ್ದೀರಾ ನೋಡಿ. ಡಿಎನ್‌ಎಸ್‌ಮಾಸ್ಕ್ ವೈಫೈ ಕಡೆ ಕಿವಿ ಕೊಟ್ಟು ಕೂತಿದೆಯೋ ಕೇಬಲ್ ಕಡೆ ಕೊಟ್ಟಿದೆಯೋ ಅದನ್ನೂ ನೋಡಿ. ನಾನು ಮೊದಲ ದಿನ ಕಾನ್ಫಿಗ್ ಫೈಲಿನಲ್ಲಿ ವೈಫೈ ಇಂಟರ್‌ಫೇಸಿನ ಹೆಸರೇ ಬರೆದಿದ್ದೆ.

ಇನ್ನೊಂದು ಸ್ವಿಚ್ಚಿನ ದೋಷ. ಆಫೀಸಿನವರು ಕಂಪ್ಯೂಟರ್ ಜೊತೆ ಒಂದು ದೊಡ್ಡ ಮ್ಯಾನೇಜ್ಡ್ (ಒಳಗೆ ಸೆಟ್ಟಿಂಗ್ ಬದಲಾಯಿಸಬಹುದಾದ) ಸ್ವಿಚ್ಚೂ ಕೊಟ್ಟಿದ್ದರು. ಅಂಥ ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ ಅನ್ನೋದು ಆನ್ ಇದ್ದರೆ, ಪೋರ್ಟಿಗೆ ಹೊಸದಾಗಿ ಏನಾದರೂ ಬಂದಾಗ ಎಲ್ಲೂ ಸುತ್ತು ಆಗಿಲ್ಲವಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಹಳೇ ಪದ್ಧತಿಯಲ್ಲಿ 30 ಸೆಕೆಂಡು ಯಾವ ಮಾತನ್ನೂ ಆಚೆ ಬಿಡುವುದಿಲ್ಲ. ಪಿಎಕ್ಸ್‌ಇ ಕೂಗುವುದು 4, 8, 16, 32 ಸೆಕೆಂಡು ಬಿಟ್ಟು ಬಿಟ್ಟು. ಮೊದಲ ಕೂಗುಗಳೆಲ್ಲ ಗೋಡೆಗೆ ಹೊಡೆದ ಹಾಗೆ. ಕೆಲವು ಕಾರ್ಡು ಅಷ್ಟು ಹೊತ್ತು ಕಾಯದೆ ಕೈಬಿಡುತ್ತವೆ. ಇದನ್ನು ಪರೀಕ್ಷೆ ಮಾಡೋದು ಸುಲಭ: ಮಷೀನಿಗೂ ದೊಡ್ಡ ಸ್ವಿಚ್ಚಿಗೂ ನಡುವೆ ಒಂದು ಸಾದಾ ಐದು ಪೋರ್ಟಿನ ಸ್ವಿಚ್ ಹಾಕಿ. ಆಗ ದೊಡ್ಡದಕ್ಕೆ ಪೋರ್ಟ್ ಸದಾ ಆನ್ ಇದ್ದ ಹಾಗೆ ಕಾಣುತ್ತದೆ. ಬೂಟ್ ಆಯಿತಾ, ಹಾಗಾದರೆ ದೋಷ ಅದೇ. ಸ್ವಿಚ್ಚಿನ ಪಾಸ್‌ವರ್ಡ್ ಗೊತ್ತಿದ್ದರೆ ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಸೆಟ್ಟಿಂಗ್ ಆನ್ ಮಾಡಿ. ನಮಗೆ ಗೊತ್ತಿರಲಿಲ್ಲ, ಸಾದಾ ಸ್ವಿಚ್ಚನ್ನೇ ಇಟ್ಟುಕೊಂಡೆವು.

ಇಬ್ಬರು ಉತ್ತರ ಕೊಟ್ಟರೆ ಇನ್ನೂ ಕಷ್ಟ

ಎರಡನೇ ಶನಿವಾರ ಪೂರ್ತಿ ತಿಂದದ್ದು ಇದು.

ಮೊದಲು ಬಂದದ್ದು ಪಿಎಕ್ಸ್‌ಇ-ಇ53, ಅಂದರೆ ಅಡ್ರೆಸ್ ಸಿಕ್ಕಿತು ಆದರೆ ಫೈಲಿನ ಹೆಸರು ಸಿಗಲಿಲ್ಲ. ಇದು ಸರಳ. ಶಾಲೆಯ ಇಂಟರ್‌ನೆಟ್ ರೂಟರ್ ಅಡ್ರೆಸ್ ಕೊಟ್ಟಿತ್ತು, ಅದಕ್ಕೆ ಬೂಟ್ ಫೈಲಿನ ವಿಷಯ ಏನೂ ಗೊತ್ತಿಲ್ಲ. ಡಿಎನ್‌ಎಸ್‌ಮಾಸ್ಕನ್ನು ಪ್ರಾಕ್ಸಿ ಮೋಡಿಗೆ ಹಾಕಿದೆ. ಅಂದರೆ ಅಡ್ರೆಸ್ ಕೊಡುವ ಕೆಲಸ ರೂಟರಿಗೇ ಬಿಟ್ಟು, ಫೈಲಿನ ಹೆಸರು ಮಾತ್ರ ಲ್ಯಾಪ್‌ಟಾಪ್ ಹೇಳುತ್ತದೆ. ಶಾಲೆಯ ರೂಟರಿನಲ್ಲಿ ಕೈಯಾಡಿಸಬೇಕಿಲ್ಲ, ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ ಮೇಲೂ ಅವರ ಇಂಟರ್‌ನೆಟ್ ಎಂದಿನ ಹಾಗೆ ನಡೆಯುತ್ತದೆ. ಶಾಲೆ, ಲೈಬ್ರರಿಯಂಥ ಕಡೆ ಇದೇ ಸರಿಯಾದ ದಾರಿ ಅಂತ ನನ್ನ ಅನಿಸಿಕೆ.

ಮೆನು ಬಂತು. ಖುಷಿಯಾಯಿತು. ಒಂದು ಗಂಟೆ ಬಿಟ್ಟು ಅದೇ ಮಷೀನಿನಲ್ಲಿ ಪಿಎಕ್ಸ್‌ಇ-ಇ32, ಟಿಎಫ್‌ಟಿಪಿ ಓಪನ್ ಟೈಮ್‌ಔಟ್. ರೀಸ್ಟಾರ್ಟ್ ಮಾಡಿದರೆ ಮತ್ತೆ ಬಂತು. ಪಕ್ಕದ್ದು ಬರಲಿಲ್ಲ. ಅದನ್ನು ಮೂರು ಸಲ ಮಾಡಿದ ಮೇಲೆ ಬಂತು. ಒಮ್ಮೆ ಬರುತ್ತೆ ಒಮ್ಮೆ ಬರಲ್ಲ ಅನ್ನೋ ದೋಷದಷ್ಟು ತಲೆ ಕೆಡಿಸುವುದು ಯಾವುದೂ ಇಲ್ಲ, ಯಾಕಂದರೆ ಏನು ಬದಲಾಯಿಸಿದರೂ ಒಂದೆರಡು ಸಲ ಸರಿಹೋದ ಹಾಗೆ ಅನಿಸುತ್ತದೆ. ಫೈರ್‌ವಾಲ್ ಪೂರ್ತಿ ತೆಗೆದೆ, ಕೇಬಲ್ ಬದಲಾಯಿಸಿದೆ, ಟಿಎಫ್‌ಟಿಪಿ ಫೋಲ್ಡರನ್ನು ಹೊಸದಾಗಿ ಮಾಡಿದೆ. ಪ್ರತಿಸಲವೂ ಒಂದು ಮಷೀನ್ ಬೂಟ್ ಆಯಿತು, ಪ್ರತಿಸಲವೂ ಗೆದ್ದೆ ಅಂದುಕೊಂಡೆ.

ಕೊನೆಗೆ ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗನಿಗೆ ನನ್ನ ಮೊಬೈಲ್ ಕೊಟ್ಟು ವಿಡಿಯೋ ಮಾಡಿಸಿದೆ. ನಿಲ್ಲಿಸಿ ನೋಡಿದರೆ, ಎರರಿಗಿಂತ ಮೇಲಿನ ಸಾಲಿನಲ್ಲಿ ಎಲ್ಲ ಬರೆದಿತ್ತು. ಪಿಎಕ್ಸ್‌ಇ ತನಗೆ ಸಿಕ್ಕ ಕ್ಲೈಂಟ್ ಐಪಿ, ಮಾಸ್ಕ್, ಡಿಎಚ್‌ಸಿಪಿ ಐಪಿ, ಗೇಟ್‌ವೇ ಎಲ್ಲವನ್ನೂ ತೋರಿಸುತ್ತದೆ. ಬೂಟ್ ಆದಾಗ ಡಿಎಚ್‌ಸಿಪಿ ಐಪಿ 192.168.1.1. ಆಗದಿದ್ದಾಗ 192.168.0.1. ಹುಡುಗನೇ ಬೆರಳಿಟ್ಟು ತೋರಿಸಿದ, "ಸರ, ಇಲ್ಲಿ ಸೊನ್ನಿ ಐತಿ ನೋಡ್ರಿ."

ಶಾಲೆಯ ರೂಟರ್ 192.168.1.1. ಹಾಗಾದರೆ ಆ ಸೊನ್ನೆಯದು ಯಾರು? ಕೇಬಲ್ ಹಿಡಿದುಕೊಂಡು ಹುಡುಕುತ್ತ ಹೋದರೆ ಸ್ಟಾಫ್ ರೂಮಿನ ಬೀರು ಮೇಲೆ ಇನ್ನೊಂದು ವೈಫೈ ರೂಟರ್ ಇತ್ತು. ಸ್ಟಾಫ್ ರೂಮಿಗೆ ಸಿಗ್ನಲ್ ಬರಲಿ ಅಂತ ಯಾವಾಗಲೋ ಹಾಕಿದ್ದು. ಅದರ ವ್ಯಾನ್ (ಹೊರಗಿನ ಇಂಟರ್‌ನೆಟ್ಟಿನ) ಪೋರ್ಟಿಗೆ ಹಾಕಬೇಕಿದ್ದ ಕೇಬಲನ್ನು ಲ್ಯಾನ್ (ಒಳಗಿನ ಕಂಪ್ಯೂಟರುಗಳ) ಪೋರ್ಟಿಗೆ ಹಾಕಿದ್ದರು, ಡಿಎಚ್‌ಸಿಪಿ ಆಫ್ ಮಾಡಿರಲಿಲ್ಲ. ಮಷೀನ್ ಕೂಗಿದಾಗ ಯಾವ ರೂಟರಿನ ಉತ್ತರ ಮೊದಲು ಒಪ್ಪಿಗೆಯಾಯಿತೋ ಅದರ ಅಡ್ರೆಸ್. ಸೊನ್ನೆಯ ಅಡ್ರೆಸ್ ಸಿಕ್ಕ ಮಷೀನ್ 192.168.1.10ರಲ್ಲಿದ್ದ ನನ್ನ ಲ್ಯಾಪ್‌ಟಾಪನ್ನು ಬೇರೆ ಊರಿನಲ್ಲಿದೆ ಅಂತ ತಿಳಿದು ಆ ರೂಟರಿಗೆ ದಾರಿ ಕೇಳುತ್ತಿತ್ತು. ಅದಕ್ಕೆ ದಾರಿ ಗೊತ್ತಿರಲಿಲ್ಲ. ಅಷ್ಟೇ ದೋಷ. ಆ ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ ಅಡ್ರೆಸ್ಸನ್ನು 192.168.1.2 ಮಾಡಿದೆ. ಅವತ್ತು ಸಂಜೆಯೊಳಗೆ ಆರು ಮಷೀನ್ ಮೆನುವಿಗೆ ಬಂದವು. ಸ್ಟಾಫ್ ರೂಮಿನಲ್ಲಿ ಮೊಬೈಲಿಗೆ ಆಗಾಗ ನೆಟ್ ಬರುತ್ತಿರಲಿಲ್ಲ ಅನ್ನೋ ದೂರೂ ಅದರ ಜೊತೆಗೇ ನಿಂತಿತು.

ನಿಮ್ಮಲ್ಲೂ ಬಂದು ಹೋಗುವ ಥರದ ದೋಷ ಇದ್ದರೆ ಮೊದಲು ಇದನ್ನೇ ನೋಡಿ. ಬೂಟ್ ಆದಾಗಿನ ಒಂದು ವಿಡಿಯೋ, ಆಗದಾಗಿನ ಒಂದು ವಿಡಿಯೋ, ಎರಡನ್ನೂ ಪಕ್ಕಪಕ್ಕ ಇಟ್ಟು ಅಂಕಿ ಹೋಲಿಸಿ.

ಫೈಲು ಬರದಿದ್ದರೆ, ಅರ್ಧ ಬಂದರೆ

ಅಡ್ರೆಸ್ ಎಲ್ಲ ಸರಿಯಿದ್ದೂ ಇ32 ಬಂದರೆ ಫೈರ್‌ವಾಲ್ ನೋಡಿ. ಟಿಎಫ್‌ಟಿಪಿ 69ರಲ್ಲಿ ಬಾಗಿಲು ತಟ್ಟಿಸಿಕೊಳ್ಳುತ್ತದೆ, ಆದರೆ ಫೈಲು ಕೊಡುವುದು ಆ ಹೊತ್ತಿಗೆ ಸಿಕ್ಕ ಬೇರೆ ಪೋರ್ಟಿನಿಂದ. ಬರೀ 69 ಬಿಟ್ಟರೆ ಕೆಲವು ಫೈರ್‌ವಾಲುಗಳಲ್ಲಿ ಸಾಲುವುದಿಲ್ಲ. ಟಿ01 ಅಥವಾ ಇ3ಬಿ ಬಂದರೆ ಆ ಹೆಸರಿನ ಫೈಲೇ ಅಲ್ಲಿಲ್ಲ. ಸ್ಪೆಲ್ಲಿಂಗ್, ದೊಡ್ಡಕ್ಷರ ಸಣ್ಣಕ್ಷರ, ಫೋಲ್ಡರಿನ ಪರ್ಮಿಶನ್, ಈ ಮೂರರಲ್ಲಿ ಒಂದು.

ಎಲ್‌ಡಿಲಿನಕ್ಸ್ ಡಾಟ್ ಸಿ32 ಅನ್ನೋ ಫೈಲು ಲೋಡ್ ಆಗಲಿಲ್ಲ ಅಂತ ಬಂದರೆ ನೀವು ನೆಟ್‌ಬೂಟ್ ಫೈಲನ್ನು ಎಲ್ಲಿ ಬಿಚ್ಚಿದಿರಿ ನೆನಪು ಮಾಡಿಕೊಳ್ಳಿ. ಅದರೊಳಗೆ ಮೇಲಿನ ಕೆಲವು ಹೆಸರುಗಳು ನಿಜವಾದ ಫೈಲಲ್ಲ, ಒಳಗಿನ ಫೈಲಿಗೆ ಕೊಂಡಿ. ಫ್ಯಾಟ್ ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ ಬಿಚ್ಚಿ ಕಾಪಿ ಮಾಡಿದರೆ ಕೊಂಡಿಗಳು ಉಳಿಯುವುದಿಲ್ಲ. ಲಿನಕ್ಸ್ ಡಿಸ್ಕಿನ ಮೇಲೇ ನೇರವಾಗಿ ಬಿಚ್ಚಿ.

ಚುಕ್ಕಿ ಚುಕ್ಕಿ ಬರುತ್ತ ಕೂತಿದೆ, ಮುಂದೆ ಹೋಗುತ್ತಿಲ್ಲ ಅಂದರೆ ಸುಮ್ನೆ ಸ್ವಲ್ಪ ಕಾಯಿರಿ. ಟಿಎಫ್‌ಟಿಪಿ ಮೂಲದಲ್ಲಿ 512 ಬೈಟಿನ ತುಂಡು ಕಳಿಸಿ, "ಬಂತು" ಅನ್ನುವ ಉತ್ತರ ಬಂದ ಮೇಲೆ ಇನ್ನೊಂದು ಕಳಿಸುವ ಪದ್ಧತಿ. ಹಳೇ ಕಾರ್ಡಿನಲ್ಲಿ ಇನಿಟ್‌ಆರ್‌ಡಿ ಬರಲು ನಿಮಿಷಗಳು ಬೇಕು. ಅದರಲ್ಲೂ ಆರು ಮಷೀನ್ ಒಟ್ಟಿಗೆ ಶುರು ಮಾಡಿದರೆ ಇನ್ನೂ ಜಾಸ್ತಿ.

ಕರ್ನಲ್ ಬಂದ ಮೇಲೆ

ಇದಕ್ಕೆ ಎಕ್ಸ್86-64 ಸಿಪಿಯು ಬೇಕು, ಇಲ್ಲಿರುವುದು ಐ686 ಅಂತ ಹೇಳಿ ನಿಂತರೆ ಯಾವುದೂ ಕೆಟ್ಟಿಲ್ಲ, 64 ಬಿಟ್ ಕರ್ನಲನ್ನು 32 ಬಿಟ್ ಮಷೀನಿಗೆ ಕೊಟ್ಟಿದ್ದೀರಿ. ಎರಡು ಥರದ ಮಷೀನೂ ಇದ್ದರೆ ಮೆನುವಿನಲ್ಲಿ ಎರಡೂ ಇಟ್ಟುಬಿಡಿ.

ಕರ್ನಲ್ ಪ್ಯಾನಿಕ್, ರೂಟ್ ಮೌಂಟ್ ಆಗಲಿಲ್ಲ ಅಂತ ಬಂದರೆ ಇನಿಟ್‌ಆರ್‌ಡಿ ಸರಿಯಾಗಿ ಬಿಚ್ಚಿಕೊಂಡಿಲ್ಲ. ಫೈಲ್ ಅರ್ಧ ಬಂದಿರಬಹುದು, ಹೆಚ್ಚಾಗಿ ರಾಮ್. ಇನ್‌ಸ್ಟಾಲರ್ ಪೂರ್ತಿ ರಾಮಿನಲ್ಲೇ ಬಿಚ್ಚಿಕೊಳ್ಳುತ್ತದೆ. ಬಯೋಸಿನಲ್ಲಿ ಎಷ್ಟು ರಾಮ್ ತೋರಿಸುತ್ತಿದೆ ನೋಡಿ. ನಮ್ಮ ಒಂದು ಮಷೀನಿನಲ್ಲಿ ಎರಡು ಪಟ್ಟಿ ಇದ್ದರೂ ಒಂದರ ಲೆಕ್ಕವೇ ಬರುತ್ತಿತ್ತು. ಗೋವಿನಜೋಳ ಒಕ್ಕುವ ದಿನಗಳಲ್ಲಿ ಆ ರಸ್ತೆಯ ದೂಳೆಲ್ಲ ಲ್ಯಾಬಿನ ಕಿಟಕಿಗೇ ಬರುತ್ತದೆ, ಸ್ಲಾಟಿನೊಳಗೆ ಪುಡಿ ಕೂತಿತ್ತು. ಪ್ಲಗ್ ತೆಗೆದು, ರಾಮ್ ಬಿಚ್ಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಲಾಟಿಗೆ ಬ್ರಷ್ ಆಡಿಸಿ ಮತ್ತೆ ಹಾಕಿದೆ. ಎರಡೂ ಕಂಡವು. ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುವ ಮಷೀನಿಗೆ ರಾಮ್ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ. ಒಂದೇ ಒಂದು ಎರರ್ ಬಂದರೂ ಆ ಪಟ್ಟಿ ಬಳಸಬೇಡಿ.

ಬಹಳ ಜನರನ್ನು ಗಲಿಬಿಲಿ ಮಾಡುವ ಒಂದು ದೋಷ ಇಲ್ಲಿದೆ. ನೆಟ್‌ವರ್ಕಿನಿಂದಲೇ ಬೂಟ್ ಆದ ಇನ್‌ಸ್ಟಾಲರ್, "ನೆಟ್‌ವರ್ಕ್ ಕಾರ್ಡ್ ಸಿಗಲಿಲ್ಲ" ಅನ್ನುತ್ತದೆ. ಹೇಗೆ ಸಾಧ್ಯ ಅಲ್ವಾ? ಬೂಟ್ ಮಾಡಿಸಿದ್ದು ಕಾರ್ಡಿನೊಳಗಿನ ಪ್ರೋಗ್ರಾಮು. ಈಗ ಕೆಲಸ ಲಿನಕ್ಸ್ ಡ್ರೈವರಿನದು, ಕೆಲವು ಕಾರ್ಡಿಗೆ ಆ ಡ್ರೈವರ್ ಬೇರೆ ಫರ್ಮ್‌ವೇರ್ ಫೈಲು (ಕಾರ್ಡಿನೊಳಗೆ ಓಡುವ ಪ್ರೋಗ್ರಾಮು) ಕೇಳುತ್ತದೆ. ಡೆಬಿಯನ್ 12ರ ಐಎಸ್‌ಓ ಒಳಗೆ ಫರ್ಮ್‌ವೇರ್ ಇದೆ, ನೆಟ್‌ಬೂಟ್ ಫೈಲಿನೊಳಗೆ ಇಲ್ಲ. ಡೆಬಿಯನ್ ಸರ್ವರಿನಲ್ಲಿ ಫರ್ಮ್‌ವೇರಿನ ಸಿಪಿಐಓ ಫೈಲು ಬೇರೆಯಾಗಿ ಸಿಗುತ್ತದೆ. ಅದನ್ನು ಇಳಿಸಿ, ಮೆನುವಿನ ಇನಿಟ್‌ಆರ್‌ಡಿ ಸಾಲಿನಲ್ಲಿ ಮೊದಲ ಫೈಲಿನ ಹೆಸರು ಮುಗಿದ ಮೇಲೆ ಅಲ್ಪವಿರಾಮ ಹಾಕಿ ಇದರ ಹೆಸರು ಬರೆಯಿರಿ. ರಾಮ್ ಕಡಿಮೆ ಇರುವ ಮಷೀನಿಗೆ ಇದು ಭಾರ, ಬೇಕಾದದ್ದಕ್ಕೆ ಮಾತ್ರ ಬೇರೆ ಮೆನು ಸಾಲು ಮಾಡಿ.

ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಾಣಲಿಲ್ಲ ಅಂತ ಅಕ್ಕೋರು ಬೇಜಾರು ಮಾಡಿಕೊಂಡರು. ಅದು ದೋಷ ಅಲ್ಲ. ಅಕ್ಷರದ ಇನ್‌ಸ್ಟಾಲರಿನಲ್ಲಿ ಕನ್ನಡ ತೋರಿಸಲು ಆಗುವುದಿಲ್ಲ, ಗ್ರಾಫಿಕಲ್ ಇನ್‌ಸ್ಟಾಲರಿನಲ್ಲಿ ಇದೆ. ಜಿಟಿಕೆ ಫೋಲ್ಡರಿನ ನೆಟ್‌ಬೂಟ್ ಫೈಲು ತಗೊಳ್ಳಿ. ರಾಮ್ ಚೆನ್ನಾಗಿದ್ದ ಒಂಬತ್ತು ಮಷೀನಿಗೆ ಕನ್ನಡದಲ್ಲೇ ಇನ್‌ಸ್ಟಾಲ್ ಮಾಡಿದೆವು, ಮಕ್ಕಳು ಒಂದೊಂದು ಪ್ರಶ್ನೆಯನ್ನೂ ಓದಿ ತಾವೇ ಉತ್ತರ ಒತ್ತಿದರು.

ಪ್ಯಾಕೇಜು ಇಳಿಯುವಾಗ

ಸೆಲ್ಲಿನ ಮಾತು ಇಲ್ಲಿ ಮತ್ತೆ ಬರುತ್ತದೆ. ಒಂದು ಮಷೀನು ಡೆಬಿಯನ್ ಸರ್ವರಿನ ಸಹಿಯನ್ನೇ (ಫೈಲು ಅಸಲಿ ಅಂತ ಸಾರುವ ಡಿಜಿಟಲ್ ಗುರುತು) ಒಪ್ಪಲಿಲ್ಲ. ಸರ್ವರ್ ಬದಲಾಯಿಸಿದರೂ ಅದೇ. ಆ ಮಷೀನಿನ ಗಡಿಯಾರದಲ್ಲಿ ಇಸವಿ 2009 ಇತ್ತು. ಇನ್ನೂ ಹುಟ್ಟದ ಸಹಿಯನ್ನು ಅದು ಹೇಗೆ ಒಪ್ಪೀತು! ಬಯೋಸಿನಲ್ಲಿ ತಾರೀಕು ಸರಿ ಮಾಡಿದ ಮೇಲೆ ಸುಗಮ.

ಇಂಟರ್‌ನೆಟ್ ನಿಧಾನ ಇದ್ದರೆ 14 ಮಷೀನೂ ಅದೇ ಪ್ಯಾಕೇಜನ್ನು 14 ಸಲ ಇಳಿಸಬಾರದು. ಲ್ಯಾಪ್‌ಟಾಪಿನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ (ಒಮ್ಮೆ ಇಳಿದ ಪ್ಯಾಕೇಜನ್ನು ಉಳಿಸಿಟ್ಟು ಉಳಿದವಕ್ಕೆ ಕೊಡುವ ಸಾಫ್ಟ್‌ವೇರ್) ಹಾಕಿ, ಇನ್‌ಸ್ಟಾಲರ್ ಪ್ರಾಕ್ಸಿ ಕೇಳಿದಾಗ ಲ್ಯಾಪ್‌ಟಾಪಿನ ಅಡ್ರೆಸ್ ಮತ್ತು 3142 ಪೋರ್ಟ್ ಕೊಡಿ. ಮಿರರ್ (ಪ್ಯಾಕೇಜು ಇಳಿಸುವ ಸರ್ವರ್) ಆರಿಸುವಾಗ ಎಚ್‌ಟಿಟಿಪಿ ಇರಲಿ, ಎಚ್‌ಟಿಟಿಪಿಎಸ್ ಆದರೆ ಕ್ಯಾಶ್ ಆಗುವುದಿಲ್ಲ. ಮೊದಲನೇ ಮಷೀನಿಗೆ ಬೆಳಿಗ್ಗೆಯಿಂದ ಊಟದ ಹೊತ್ತಾಯಿತು. ಆಮೇಲಿನವು ಬೇಗ ಬೇಗ ಮುಗಿದವು.

ಎಲ್ಲ ಮುಗಿದು ರೀಸ್ಟಾರ್ಟ್ ಆದಾಗ ಮತ್ತೆ ಇನ್‌ಸ್ಟಾಲರ್ ಮೆನುವೇ ಬಂದರೆ ಇನ್‌ಸ್ಟಾಲ್ ಕೆಟ್ಟಿಲ್ಲ. ಬೂಟ್ ಆರ್ಡರಿನಲ್ಲಿ ನೆಟ್‌ವರ್ಕ್ ಇನ್ನೂ ಮೊದಲಿದೆ. ಹಾರ್ಡ್ ಡಿಸ್ಕನ್ನು ಮೇಲೆ ತನ್ನಿ. ಎಷ್ಟೋ ಮಷೀನಿನಲ್ಲಿ ಎಫ್12 ಒತ್ತಿದರೆ ಒಂದು ಸಲಕ್ಕೆ ಮಾತ್ರ ನೆಟ್‌ವರ್ಕಿನಿಂದ ಬೂಟ್ ಮಾಡಬಹುದು, ಅದು ಇದ್ದರೆ ಆರ್ಡರ್ ಮುಟ್ಟುವ ಗೊಡವೆಯೇ ಬೇಡ.

14ರಲ್ಲಿ 13 ಈಗ ಓಡುತ್ತಿವೆ. ಹದಿನಾಲ್ಕನೆಯದರ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿತ್ತು, ಪಾರ್ಟಿಷನ್ ಮಾಡುವಾಗಲೇ ಓದೋದು ಬಿಟ್ಟಿತು. ಅದರ ರಾಮ್ ತೆಗೆದು ಕಡಿಮೆ ಇದ್ದ ಇನ್ನೊಂದಕ್ಕೆ ಹಾಕಿದೆ. ಪ್ರತಿ ಮಷೀನಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದೇವೆ: ಸೆಲ್ ಹಾಕಿದ ತಾರೀಕು, ರಾಮ್ ಎಷ್ಟು, 32 ಬಿಟ್ಟೋ 64ಓ, ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯಾದ ಮ್ಯಾಕ್ ಅಡ್ರೆಸ್, ಬೂಟ್ ಮೆನು ಬರುವ ಕೀ ಯಾವುದು. ಚೀಟಿ ಬರೆದದ್ದು ಸೊನ್ನೆ ತೋರಿಸಿದ ಆ ಹುಡುಗ.